ಡೆಹ್ರಾಡೂನ್‌ಗೆ ಸಂಸಾರ ಒಯ್ಯಬೇಕೆ? ಗಲಾಯಿಗಾರನ ಜಮಾ-ಖರ್ಚು

ಜತ್ತ: ಗುಡ್ಡಾಪುರ ದಾನಮ್ಮ ದೇವಿಯ ಛಟ್ಟಿ ಅಮಾವಾಸ್ಯೆ ಜಾತ್ರೆಗೆಂದು ಊರಿಗೆ ಬರುವುದು, ಹೊಸ್ತಿಲ ಹುಣ್ಣಿಮೆಯೊಳಗೆ ಮತ್ತೆ ರೈಲು ಹತ್ತುವುದು. ಜತ್ತ ಪೂರ್ವ ಭಾಗದ ಎಷ್ಟೋ ಮನೆಗಳಲ್ಲಿ ಗಂಡಸರ ವರ್ಷ ಹೀಗೇ ಕಳೆಯುತ್ತದೆ. ಆದರೆ ಸಂಖ ಭಾಗದ ಹಳ್ಳಿಯೊಂದರ ಗಲಾಯಿ ಕಾರಾಗೀರನ ಮನೆಯಲ್ಲಿ ಈ ಸಲ ಬೇರೆಯೇ ಚರ್ಚೆ. ಹೆಂಡತಿ, ಇಬ್ಬರು ಮಕ್ಕಳನ್ನು ಡೆಹ್ರಾಡೂನ್‌ಗೆ ಕರೆದೊಯ್ಯಬೇಕೋ ಬೇಡವೋ?

ಸಾಂಗಲಿ ಜಿಲ್ಲೆಯ ವಿಟಾ, ಖಾನಾಪುರ, ಆಟಪಾಡಿ ಕಡೆಯ ಗಲಾಯಿಗಾರರು ದೇಶದ ಮೂಲೆ ಮೂಲೆಯ ಸರಾಫ ಪೇಟೆಗಳಲ್ಲಿ ಇದ್ದಾರೆ. ಹಳೆಯ ಚಿನ್ನ-ಬೆಳ್ಳಿ ಕರಗಿಸಿ, ಆ್ಯಸಿಡ್‌ನಲ್ಲಿ ಶುದ್ಧ ಮಾಡಿ ಕೊಡುವುದು ಇವರ ಧಂದಾ. ಬರಗಾಲ ಊರು ಬಿಡಿಸಿತು, ಕೈಕೆಲಸ ಅನ್ನ ಕೊಟ್ಟಿತು. ಅವರ ಬೆನ್ನು ಹತ್ತಿ ನಮ್ಮ ಕನ್ನಡದ ಹುಡುಗರೂ ಹೋದರು. ಈ ಕಾರಾಗೀರನೂ ಹದಿನಾರನೇ ವಯಸ್ಸಿಗೆ ಕೆಲಸ ಕಲಿಯಲು ಹೋದವರು. ಈಗ ಡೆಹ್ರಾಡೂನ್‌ನ ಘಂಟಾಘರ್ ಹತ್ತಿರದ ಪಲ್ಟನ್ ಬಜಾರ್ ಸುತ್ತಿನಲ್ಲಿ ಸ್ವಂತ ಗಾಳಾ ಹಿಡಿದಿದ್ದಾರೆ. ಹೆಸರು ಹಾಕಬೇಡಿ ಎಂದರು.

‘ಮದುವ್ಯಾಗಿ ಹದಿನಾಲ್ಕು ವರ್ಷ ಆತ್ರಿ. ಕೂಡಿ ಕಳೆದ ದಿನ ಎಣಿಸಿದ್ರ ಎರಡು ವರ್ಷ ತುಂಬೂದಿಲ್ಲ’ ಎನ್ನುತ್ತಾರೆ ಅವರ ಪತ್ನಿ. ಇಡೀ ಚರ್ಚೆಯ ಬೇರು ಇಲ್ಲೇ ಇದೆ.

ಜಮಾ ಬದಿ

ಡೆಹ್ರಾಡೂನ್ 2000ದ ನವೆಂಬರ್ 9ರಂದು ಹುಟ್ಟಿದ ಹೊಸ ರಾಜ್ಯದ ರಾಜಧಾನಿಯಾಯಿತು. ಆಮೇಲೆ ಊರು ಬೆಳೆದದ್ದೇ ಬೆಳೆದದ್ದು. 2011ರ ಜನಗಣತಿಯಲ್ಲೇ ನಗರದ ಜನಸಂಖ್ಯೆ ಐದೂವರೆ ಲಕ್ಷ ದಾಟಿತ್ತು. ಜನ ಬಂದಲ್ಲಿ ಸರಾಫ ಪೇಟೆಗೂ ಕೆಲಸ.

ಶಾಲೆಗಳಿಗೆ ಮೊದಲಿನಿಂದ ಹೆಸರಾದ ಊರು. ಸರಕಾರಿ ದೂನ್ ಮೆಡಿಕಲ್ ಕಾಲೇಜಿನ ಆಸ್ಪತ್ರೆ ನಗರದಲ್ಲೇ ಇದೆ. ನಲವತ್ತು ಚಿಲ್ಲರೆ ಕಿಲೋಮೀಟರ್ ದೂರದ ಋಷಿಕೇಶದಲ್ಲಿ ಏಮ್ಸ್ ಇದೆ. ನಮ್ಮ ಕಡೆ ದೊಡ್ಡ ರೋಗ ಬಂದರೆ ಮಿರಜ, ಸೋಲಾಪುರ ಎಂದು ಓಡಾಡುವವರಿಗೆ ಇದರ ಬೆಲೆ ಗೊತ್ತು.

ನೀರಿನ ಮಾತು ಹೇಳಲೇಬೇಕು. ಜತ್ತದಲ್ಲಿ ವರ್ಷಕ್ಕೆ ಆರುನೂರು ಮಿ.ಮೀ. ಮಳೆ ದಾಟಿದರೆ ಹಬ್ಬ. ಅಲ್ಲಿ ಎರಡು ಸಾವಿರ ಮಿ.ಮೀ.ಗೂ ಹೆಚ್ಚು. ‘ಟ್ಯಾಂಕರ್ ದಾರಿ ಕಾಯೂದು ತಪ್ಪತೈತಿ, ಅಷ್ಟ ಸಾಕು’ ಎಂಬುದು ಪತ್ನಿಯ ಅಂಬೋಣ.

ರೇಶನ್ ಕಾರ್ಡಿನ ಚಿಂತೆಯೂ ಮೊದಲಿನಷ್ಟಿಲ್ಲ. ಒಂದು ದೇಶ ಒಂದು ಕಾರ್ಡ್ ವ್ಯವಸ್ಥೆಯಲ್ಲಿ ಮನೆಯ ಸ್ವಲ್ಪ ಪಾಲು ಅಲ್ಲಿ, ಉಳಿದ ಪಾಲು ಇಲ್ಲಿ ಎತ್ತಬಹುದು. ಆಯುಷ್ಮಾನ್ ಕಾರ್ಡೂ ಬೇರೆ ರಾಜ್ಯದ ಸೇರ್ಪಡೆಯಾದ ಆಸ್ಪತ್ರೆಗಳಲ್ಲಿ ನಡೆಯುತ್ತದೆ.

ಖರ್ಚು ಬದಿ

ಗುಡ್ಡದ ಊರೆಂದರೆ ವರ್ಷವಿಡೀ ತಂಪು ಎಂದು ತಿಳಿದರೆ ತಪ್ಪು. ಮಸ್ಸೂರಿ ಸುಮಾರು ಎರಡು ಸಾವಿರ ಮೀಟರ್ ಎತ್ತರದಲ್ಲಿದೆ. ಡೆಹ್ರಾಡೂನ್ ಅದರ ಬುಡದ ಕಣಿವೆ, ಎತ್ತರ ಆರುನೂರು ಮೀಟರ್ ಚಿಲ್ಲರೆ ಮಾತ್ರ. 2024ರ ಮೇ ಕೊನೆಗೆ ಅಲ್ಲಿ ಬಿಸಿಲು 43 ಡಿಗ್ರಿ ಮುಟ್ಟಿತ್ತು! ಪುಷ್ಯ ಮಾಸದಲ್ಲಿ ಐದಾರು ಡಿಗ್ರಿಗೆ ಇಳಿಯುತ್ತದೆ. ಚಳಿಗೆಂದು ಕದ ಕಿಟಕಿ ಮುಚ್ಚಿ ಇದ್ದಿಲಿನ ಅಂಗೀಠಿ ಹಚ್ಚಿ ಮಲಗಿ, ವಿಷಗಾಳಿಗೆ ಜೀವ ಕಳೆದುಕೊಳ್ಳುವ ಪ್ರಕರಣ ಉತ್ತರದ ಊರುಗಳಲ್ಲಿ ಪ್ರತಿ ಚಳಿಗಾಲ ನಡೆಯುತ್ತವೆ. ಹೊಸಬರು ಇದನ್ನು ಮರೆಯಬಾರದು.

ಇನ್ನು ಮಳೆ. ಜೀವ ಕೊಡುವ ನೀರೇ ಅಲ್ಲಿ ಜೀವ ತೆಗೆಯುತ್ತದೆ. 2025ರ ಸೆಪ್ಟೆಂಬರ್ 15ರ ರಾತ್ರಿ ಸಹಸ್ತ್ರಧಾರಾ ಭಾಗದಲ್ಲಿ ಮೇಘಸ್ಫೋಟವಾಗಿ ತಮಸಾ ನದಿ ಟಪಕೇಶ್ವರ ದೇವಸ್ಥಾನಕ್ಕೆ ನುಗ್ಗಿತು. ನಗರದ ನಡುವೆ ಹಾಯುವ ರಿಸ್ಪನಾ, ಬಿಂದಾಲ್ ನದಿಗಳ ದಂಡೆ ಮನೆಗಳಿಂದ ತುಂಬಿದೆ. ಬಾಡಿಗೆ ಕಡಿಮೆ ಸಿಗುವುದೂ ಅಲ್ಲೇ. ‘ಸಂಸಾರಕ್ಕಂತ ನೋಡಿಟ್ಟಿದ್ದ ಖೋಲಿ ಆ ದಂಡೀ ಮ್ಯಾಗ ಇತ್ರಿ. ಓಣ್ಯಾಗ ನೀರು ಹೊಕ್ಕಿದ್ದು ನೋಡಿ ಎದಿ ಝಲ್ ಅಂತು. ಮುಂಗಡ ಕೊಟ್ಟಿರಲಿಲ್ಲ, ದಾನಮ್ಮನ ಪುಣ್ಯಾ’ ಎನ್ನುತ್ತಾರೆ ಅವರು. ಭೂಕಂಪದ ಭಯ ಬೇರೆ. ಇಡೀ ಹಿಮಾಲಯದ ತಪ್ಪಲೇ ಅಪಾಯದ ಪಟ್ಟಿಯಲ್ಲಿದೆ. 1993ರ ಕಿಲ್ಲಾರಿ ಭೂಕಂಪ ಕಂಡ ನಮ್ಮ ಭಾಗದ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮನೆಯೂ ಗಾಳಾದ ಮೇಲೆಯೇ ಇರಬಾರದು. ಆ್ಯಸಿಡ್ ಹೊಗೆ ಮಕ್ಕಳ ಎದೆಗೆ ಒಳ್ಳೆಯದಲ್ಲ. ಅಂದರೆ ಎರಡು ಬಾಡಿಗೆ. ಊರಲ್ಲಿ ಸ್ವಂತ ಮನೆ ಬಿಟ್ಟು ಅಲ್ಲಿ ಎರಡು ಕಡೆ ಹಣ ಕಟ್ಟಬೇಕು.

ಜಾಗ ಕೊಳ್ಳುವ ಮುನ್ನ

‘ಇಲ್ಲಿಯ ಹೊಲ ಮಾರಿ ಅಲ್ಲಿ ಪ್ಲಾಟ್ ಹಿಡಿ’ ಎಂದು ಸಲಹೆ ಕೊಡುವವರಿಗೆ ಕೊರತೆಯಿಲ್ಲ. ಆದರೆ ಕಾಯದೆ ನೋಡಿ ಹೆಜ್ಜೆ ಇಡಬೇಕು. ಉತ್ತರಾಖಂಡದಲ್ಲಿ ನಗರ ಮಿತಿಯ ಹೊರಗೆ ಹೊರರಾಜ್ಯದವರು ಮನೆಗಾಗಿ 250 ಚದರ ಮೀಟರ್ ಮಾತ್ರ ಕೊಳ್ಳಬಹುದು. 2025ರ ತಿದ್ದುಪಡಿ ಇದನ್ನು ಇನ್ನೂ ಬಿಗಿ ಮಾಡಿತು. ಹರಿದ್ವಾರ, ಊಧಮ್ ಸಿಂಗ್ ನಗರ ಬಿಟ್ಟು ಉಳಿದ 11 ಜಿಲ್ಲೆಗಳಲ್ಲಿ ಕೃಷಿ, ತೋಟದ ಜಮೀನು ಹೊರಗಿನವರಿಗೆ ಇಲ್ಲ. ಡೆಹ್ರಾಡೂನ್ ಜಿಲ್ಲೆಯೂ ಈ 11ರಲ್ಲಿದೆ. ನಗರ ಮಿತಿಯೊಳಗೆ ಈ ನಿರ್ಬಂಧವಿಲ್ಲ, ಆದರೆ ಅಲ್ಲಿ ಬೆಲೆ ಕೈಗೆಟುಕಬೇಕಲ್ಲ!

ಮಹಾರಾಷ್ಟ್ರದ ಜಾತಿ ದಾಖಲೆಗೆ ಆ ರಾಜ್ಯದ ನೌಕರಿಯಲ್ಲಿ ಮೀಸಲಾತಿ ಸಿಗುವುದಿಲ್ಲ ಎಂಬುದೂ ನೆನಪಿರಲಿ. ಮಕ್ಕಳ ಮುಂದಿನ ಲೆಕ್ಕದಲ್ಲಿ ಇದು ಸಣ್ಣ ಬಾಬತ್ತಲ್ಲ.

ಲೆಕ್ಕಕ್ಕೆ ಸಿಗದ್ದು

ಮಗಳು ಜಿಲ್ಲಾ ಪರಿಷದ್ ಕನ್ನಡ ಶಾಲೆಯಲ್ಲಿ ಆರನೇ ಇಯತ್ತೆ. ಬಾಲಭಾರತಿಯ ಕನ್ನಡ ಪುಸ್ತಕ ಓದುವ ಹುಡುಗಿ. ಮರಾಠಿಯೂ ಬರುತ್ತದೆ, ಆದ್ದರಿಂದ ದೇವನಾಗರಿ ಲಿಪಿ ಹೊಸದಲ್ಲ. ಹಿಂದಿ ಬೇಗ ಹತ್ತುತ್ತದೆ. ಆದರೆ ಕನ್ನಡ? ‘ಅಲ್ಲಿ ನಾ ಯಾರ ಕೂಡ ಮಾತಾಡ್ಲಿ?’ ಎಂದು ಕೇಳಿದ ಅವಳಿಗೆ ಅಪ್ಪನ ಬಳಿ ಉತ್ತರವಿರಲಿಲ್ಲ.

ದೂರದ ಮಾತೂ ಇದೆ. ಮಿರಜದಿಂದ ಗೋವಾ ಎಕ್ಸ್‌ಪ್ರೆಸ್ ಇಲ್ಲವೇ ಸೋಲಾಪುರದಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದು ದಿಲ್ಲಿ, ಅಲ್ಲಿಂದ ಮತ್ತೊಂದು ಗಾಡಿ. ಎರಡು ದಿನದ ದಾರಿ. ‘ಅಪ್ಪ ತೀರಿಕೊಂಡಾಗ ಮಣ್ಣಿಗೆ ಮುಟ್ಟಾಕ ಆಗಲಿಲ್ಲ. ಮೊಬೈಲಿನ್ಯಾಗ ನೋಡಿದೆ’ ಎಂದು ಅವರು ಮುಖ ತಿರುಗಿಸಿದರು. ಈಗ ಮನೆಯಲ್ಲಿ ಎಪ್ಪತ್ತು ದಾಟಿದ ತಾಯಿ ಇದ್ದಾರೆ. ಅವರು ಬರಲು ಒಪ್ಪುತ್ತಿಲ್ಲ. ಜೋಳದ ರೊಟ್ಟಿ ಸಿಗದ ಊರಲ್ಲಿ ತಮಗೇನು ಕೆಲಸ ಎನ್ನುತ್ತಾರೆ.

ಕೊನೆಗೆ ಆದ ತೀರ್ಮಾನ

ಮೂರು ದಿನದ ಮಾತುಕತೆಯ ನಂತರ ಮನೆಯವರು ನಡುವಿನ ದಾರಿ ಹಿಡಿದಿದ್ದಾರೆ. ಒಂದು ವರ್ಷ ಬಾಡಿಗೆ ಮನೆ, ಅದೂ ನದಿ-ನಾಲಾದಿಂದ ದೂರ. ಒಂದು ಮಳೆಗಾಲ, ಒಂದು ಚಳಿಗಾಲ ಕಳೆದು ನೋಡುವುದು. ಅಲ್ಲಿಯ ಶಾಲೆ ಏಪ್ರಿಲ್‌ನಲ್ಲಿ ಶುರು, ನಮ್ಮದು ಜೂನ್‌ನಲ್ಲಿ. ಆದ್ದರಿಂದ ಪ್ರವೇಶದ ಮಾತನ್ನು ಮೊದಲೇ ಮುಗಿಸಿ, ಮಗಳ ಪರೀಕ್ಷೆ ಮುಗಿದ ಕೂಡಲೇ ಹೊರಡುವುದು. ತಾಯಿಯ ಜತೆಗೆ ವಿಧವೆ ಅಕ್ಕ ಬಂದು ಇರಲು ಒಪ್ಪಿದ್ದಾರೆ. ಪ್ರತಿ ರಾತ್ರಿ ಮಗಳು ಅಜ್ಜಿಗೆ ಫೋನಿನಲ್ಲಿ ಕನ್ನಡ ಪಾಠ ಓದಿ ಹೇಳಬೇಕು, ಇದು ಅಜ್ಜಿಯ ಕರಾರು.

ಇನ್ನೊಂದು ಕರಾರೂ ಇದೆ. ‘ಹೋಗ್ರಿ, ಕೂಡಿ ಇರ್ರಿ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಸಾತಬಾರಾ ಉತಾರಾದಾಗ ನಮ್ಮ ಹೆಸರು ಇರಲಿ. ಹೊಲ ಮಾರಿದ್ರ ತಿರುಗಿ ಬರಾಕ ಜಾಗಾ ಇರೂದಿಲ್ಲ’ ಎಂದರು ಆ ತಾಯಿ.

ಹೊರಡುವವರ ಗಂಟಿನಲ್ಲಿ ಒಂದು ಚೀಲ ಜೋಳವೂ ಇರಲಿದೆ ಎಂಬುದು ಬೇರೆ ಹೇಳಬೇಕಿಲ್ಲ.