ದೂರಸಂಪರ್ಕ ಪರೀಕ್ಷಾ ಉಪಕರಣಗಳು: ಕೊಳ್ಳುವುದೋ, ಬಾಡಿಗೆಗೆ ಪಡೆಯುವುದೋ?

ದೂರಸಂಪರ್ಕ ಜಾಲ ವಿಸ್ತರಿಸಿದಾಗಲೆಲ್ಲ ಅದನ್ನು ಪರೀಕ್ಷಿಸುವ ಉಪಕರಣಗಳಿಗೂ ಬೇಡಿಕೆ ಹೆಚ್ಚುತ್ತದೆ. ಜಾಲದ ಮೇಲಿನ ಹೂಡಿಕೆ ನಿಂತರೆ ಈ ಮಾರುಕಟ್ಟೆಯೂ ಜೊತೆಯಲ್ಲೇ ಕುಸಿಯುತ್ತದೆ. 2001ರ ಜಾಗತಿಕ ಹಿಂಜರಿತದ ತರುವಾಯ, ಈ ಕ್ಷೇತ್ರದ ಪ್ರಮುಖ ಸಂಸ್ಥೆಯಾದ ಅಮೆರಿಕದ ಆಕ್ಟರ್ನಾ 2003ರಲ್ಲಿ ದಿವಾಳಿ ಕಾಯ್ದೆಯ ರಕ್ಷಣೆ ಕೋರಬೇಕಾಯಿತು. 2005ರಲ್ಲಿ ಅದನ್ನು ಜೆಡಿಎಸ್ ಯುನಿಫೇಸ್ ಕೊಂಡಿತು. ಆ ವ್ಯವಹಾರ 2015ರಿಂದ ವಯಾವಿ ಎಂಬ ಹೆಸರಿನಲ್ಲಿದೆ. ಹ್ಯೂಲೆಟ್-ಪ್ಯಾಕರ್ಡ್‌ನ ಮಾಪನ ವಿಭಾಗವು 1999ರಲ್ಲಿ ಅಜಿಲೆಂಟ್ ಆಗಿ, 2014ರಲ್ಲಿ ಕೀಸೈಟ್ ಆಗಿ ಬೇರ್ಪಟ್ಟಿತು. ಹೀಗೆ ಒಡೆತನ ಬದಲಾದಾಗ ಹಳೆಯ ಮಾದರಿಗಳ ದುರಸ್ತಿ ಮತ್ತು ಬಿಡಿಭಾಗಗಳ ಪೂರೈಕೆ ಮುಂದುವರಿಯುವುದೇ ಎಂಬುದನ್ನು ಖರೀದಿದಾರರು ಲಿಖಿತವಾಗಿ ಖಚಿತಪಡಿಸಿಕೊಳ್ಳುವುದು ಲೇಸು.

ಭಾರತದ ಬೇಡಿಕೆ

ಭಾರತದಲ್ಲಿ ಅಕ್ಟೋಬರ್ 2022ರಲ್ಲಿ 5ಜಿ ಸೇವೆ ಆರಂಭವಾಯಿತು. ಗೋಪುರಗಳಿಗೂ ಮನೆಗಳಿಗೂ ಆಪ್ಟಿಕಲ್ ಫೈಬರ್ ಎಳೆಯುವ ಕಾಮಗಾರಿಯಿಂದಾಗಿ ಸಣ್ಣ ಗುತ್ತಿಗೆದಾರರಿಗೂ ಒಟಿಡಿಆರ್ ಅನಿವಾರ್ಯವಾಗಿದೆ. ಇದು ಫೈಬರಿನೊಳಗೆ ಬೆಳಕಿನ ಸ್ಪಂದನ ಕಳುಹಿಸಿ, ಮರಳಿ ಬರುವ ಬೆಳಕಿನ ಸಮಯವನ್ನು ಅಳೆದು, ದೋಷ ಎಷ್ಟು ದೂರದಲ್ಲಿದೆ ಎಂದು ತಿಳಿಸುತ್ತದೆ. ತಯಾರಕರ ಪಾಲಿಗೆ, ದೂರಸಂಪರ್ಕ ಸಾಧನಗಳ ಕಡ್ಡಾಯ ಪರೀಕ್ಷೆ ಮತ್ತು ಪ್ರಮಾಣೀಕರಣ 2019ರಿಂದ ಹಂತಹಂತವಾಗಿ ಜಾರಿಗೆ ಬಂದಿದೆ. ಅಧಿಕೃತ ಪ್ರಯೋಗಾಲಯಕ್ಕೆ ಕಳುಹಿಸುವ ಮುನ್ನ ಕಾರ್ಖಾನೆಯಲ್ಲೇ ಪ್ರಾಥಮಿಕ ಪರೀಕ್ಷೆ ನಡೆಸಿದರೆ ಮರುಪರೀಕ್ಷೆಯ ವೆಚ್ಚ ತಪ್ಪುತ್ತದೆ.

ಲೆಕ್ಕದ ದೃಷ್ಟಿ

ಉದಾಹರಣೆಗೆ, ಉಪಕರಣದ ಬೆಲೆ 6 ಲಕ್ಷ ರೂ., ಉಪಯುಕ್ತ ಅವಧಿ 5 ವರ್ಷ ಎಂದಿಟ್ಟುಕೊಳ್ಳೋಣ. ವಾರ್ಷಿಕ ಸವಕಳಿ 1,20,000 ರೂ., ಮೊದಲ ವರ್ಷದ ಬಡ್ಡಿ ಶೇ. 12ರಂತೆ 72,000 ರೂ., ಕ್ಯಾಲಿಬ್ರೇಷನ್ ವೆಚ್ಚ 20,000 ರೂ.; ಒಟ್ಟು 2,12,000 ರೂ. ದಿನದ ಬಾಡಿಗೆ 3,000 ರೂ. ಆದರೆ ವರ್ಷಕ್ಕೆ 70 ದಿನಗಳವರೆಗೆ ಬಾಡಿಗೆಯೇ ಅಗ್ಗ. ಅದಕ್ಕಿಂತ ಹೆಚ್ಚು ದಿನ ಕೆಲಸ ಖಚಿತವಿದ್ದವರಿಗೆ ಖರೀದಿ ಲಾಭಕರ. ಜಿಎಸ್‌ಟಿ ನೋಂದಾಯಿತರು ತೆರಿಗೆಯ ಮೊತ್ತವನ್ನೂ ಬೆಲೆಗೆ ಸೇರಿಸಿ ಸವಕಳಿ ಪಡೆದರೆ, ಆ ಮೊತ್ತಕ್ಕೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ ಎಂಬುದನ್ನು ಮರೆಯಬಾರದು.

ಈ ಲೆಕ್ಕದಲ್ಲಿ ಕಾಣದ ಅಪಾಯವೂ ಒಂದಿದೆ. ಮೊಬೈಲ್ ತಂತ್ರಜ್ಞಾನದ ತಲೆಮಾರು ಬದಲಾದರೆ, ಐದು ವರ್ಷ ಬಾಳುವುದೆಂದು ಕೊಂಡ ರೇಡಿಯೋ ಪರೀಕ್ಷಾ ಯಂತ್ರ ಮೂರೇ ವರ್ಷಕ್ಕೆ ಮೂಲೆ ಸೇರಬಹುದು. ಸಾಲದ ಕಂತು ಮಾತ್ರ ಮುಂದುವರಿಯುತ್ತದೆ. ಫೈಬರ್ ಉಪಕರಣಗಳಿಗೆ ಈ ಭಯ ಕಡಿಮೆ. ಆದುದರಿಂದ ಫೈಬರ್ ಉಪಕರಣವನ್ನು ಕೊಂಡು, ರೇಡಿಯೋ ಉಪಕರಣವನ್ನು ಬಾಡಿಗೆಗೆ ಪಡೆಯುವುದು ಸಣ್ಣ ಉದ್ದಿಮೆದಾರರಿಗೆ ಕ್ಷೇಮಕರ. ಒಂದು ಗುತ್ತಿಗೆಯ ಭರವಸೆಯ ಮೇಲೆ ದುಬಾರಿ ಯಂತ್ರ ಕೊಳ್ಳುವ ಮುನ್ನ, ಆ ಗುತ್ತಿಗೆ ಮುಗಿದ ಮರುದಿನ ಅದಕ್ಕೆ ಕೆಲಸವಿದೆಯೇ ಎಂದು ಯೋಚಿಸಬೇಕು.