ಮೋಚಿಯೊಳಗೆ ಹೂರಣ ಏನಿರಲಿ?

ಮೊಬೈಲ್‌ನಲ್ಲಿ ರೀಲ್ಸ್ ನೋಡುವ ಅಭ್ಯಾಸ ಇರುವವರಿಗೆಲ್ಲ ಮೋಚಿ ಗೊತ್ತು. ಪಿಂಗ್‌ಪಾಂಗ್ ಚೆಂಡಿಗಿಂತ ಸ್ವಲ್ಪ ದೊಡ್ಡದಾದ, ಮಗುವಿನ ಕೆನ್ನೆಯಷ್ಟು ಮೆತ್ತಗಿನ ಜಪಾನಿನ ಅಕ್ಕಿಯ ಉಂಡೆ. ಎಳೆದರೆ ಹಿಗ್ಗುತ್ತದೆ, ಒಳಗಿನಿಂದ ಸ್ಟ್ರಾಬೆರಿಯೋ ಚಾಕೊಲೇಟೋ ಇಣುಕುತ್ತದೆ. ಆದರೆ ಕೆಫೆಯಲ್ಲಿ ಒಂದು ಉಂಡೆಗೆ ಕೇಳುವ ದುಡ್ಡಿನಲ್ಲಿ ನಮ್ಮ ಕ್ಯಾಂಟೀನಿನಲ್ಲಿ ಒಂದು ಹೊತ್ತಿನ ಊಟವೇ ಮುಗಿಯುತ್ತದೆ. ಪಾಕೆಟ್ ಮನಿ ನಂಬಿಕೊಂಡ ನಮ್ಮಂಥವರಿಗೆ ಉಳಿದದ್ದು ಒಂದೇ ದಾರಿ, ಮನೆಯಲ್ಲೇ ಮಾಡಿಕೊಳ್ಳುವುದು.

ನಾನು ಬಿ.ಇ. ಐದನೇ ಸೆಮಿಸ್ಟರ್ ವಿದ್ಯಾರ್ಥಿನಿ. ವಾರಾಂತ್ಯದಲ್ಲಿ ಜಪಾನಿ ಭಾಷೆಯ ತರಗತಿಗೂ ಹೋಗುತ್ತೇನೆ. ಎನ್5 ಪರೀಕ್ಷೆ ಪಾಸಾದರೆ ರೆಸ್ಯೂಮೆಯಲ್ಲಿ ಒಂದು ಸಾಲು ಹೆಚ್ಚಾದೀತು ಎಂಬ ಆಸೆ. ಅಲ್ಲಿ ಕಲಿತ ಪದಗಳಲ್ಲಿ ನನಗೆ ಬೇಗ ಹತ್ತಿರವಾದದ್ದು ‘ಅನ್’. ಕಾಳು ಬೇಯಿಸಿ, ಅರೆದು, ಸಿಹಿ ಬೆರೆಸಿ, ಗಟ್ಟಿಯಾಗುವವರೆಗೆ ಕಾಯಿಸಿದ್ದೇ ಅನ್. ಅರ್ಥ ಕೇಳಿದ ಕೂಡಲೇ ನೋಟ್‌ಬುಕ್ಕಿನಲ್ಲಿ ಅದರ ಪಕ್ಕ ಬರೆದುಕೊಂಡದ್ದು ಒಂದೇ ಪದ: ಹೂರಣ.

ಕಳೆದ ಎರಡು ರಜೆಗಳಲ್ಲಿ ಊರಿನ ಮನೆಯಲ್ಲಿ ಬಗೆಬಗೆಯ ಹೂರಣ ತುಂಬಿ ಮೋಚಿ ಮಾಡಿದೆ. ‘ಏನು ಬೇಕಾದರೂ ತುಂಬಬಹುದು’ ಎಂದು ವಿಡಿಯೊಗಳು ಹೇಳುತ್ತವೆ. ಆ ಮಾತು ಅರ್ಧ ಮಾತ್ರ ನಿಜ. ಯಾವ ರುಚಿ ಬೇಕು ಎನ್ನುವುದಕ್ಕಿಂತ ಮೊದಲು, ಹೂರಣದಲ್ಲಿ ನೀರೆಷ್ಟಿದೆ ಎಂದು ಕೇಳಬೇಕು.

ಹೊದಿಕೆ ಅರ್ಥವಾದರೆ ಹೂರಣ ಸುಲಭ

ನಾವು ರೀಲ್ಸ್‌ನಲ್ಲಿ ನೋಡುವ, ಹೂರಣ ತುಂಬಿದ ಮೋಚಿಗೆ ಜಪಾನಿನಲ್ಲಿ ‘ದೈಫುಕು’ ಎನ್ನುತ್ತಾರೆ. ‘ದೊಡ್ಡ ಅದೃಷ್ಟ’ ಎಂದು ಅರ್ಥ. ಅದರ ಹೊದಿಕೆಗೆ ನಮ್ಮ ದೋಸೆ ಅಕ್ಕಿ, ಸೋನಾ ಮಸೂರಿ ಯಾವುದೂ ಆಗುವುದಿಲ್ಲ. ಮೋಚಿಗೋಮೆ ಎಂಬ ಅಂಟು ಅಕ್ಕಿಯೇ ಬೇಕು. ಮೊದಲ ವರ್ಷದ ಕೆಮಿಸ್ಟ್ರಿಯಲ್ಲಿ ಪಾಲಿಮರ್ ಓದಿದವರಿಗೆ ಕಾರಣ ತಕ್ಷಣ ಹೊಳೆಯುತ್ತದೆ. ಅಕ್ಕಿಯ ಪಿಷ್ಟದಲ್ಲಿ ಎರಡು ಬಗೆಯ ಸರಪಳಿಗಳಿರುತ್ತವೆ. ಹೆಚ್ಚು ಕವಲಿಲ್ಲದ ಅಮೈಲೋಸ್ ಒಂದು, ಮರದ ಕೊಂಬೆಗಳಂತೆ ಕವಲೊಡೆದ ಅಮೈಲೊಪೆಕ್ಟಿನ್ ಇನ್ನೊಂದು. ಅಂಟು ಅಕ್ಕಿಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಎರಡನೆಯದೇ. ಆ ಹಿಗ್ಗುವ ಗುಣ ಬರುವುದು ಅಲ್ಲಿಂದ. ಪ್ಯಾಕೆಟ್ ಮೇಲೆ ‘ಗ್ಲುಟಿನಸ್’ ಎಂದು ಬರೆದಿದ್ದರೂ ಅದರಲ್ಲಿ ಗೋಧಿಯ ಗ್ಲುಟೆನ್ ಇರುವುದಿಲ್ಲ. ಅಂಟುತ್ತದೆ ಎಂಬುದಷ್ಟೇ ಆ ಪದದ ಅರ್ಥ.

ಎಂಟು ಉಂಡೆಗಳಿಗೆ ನನ್ನ ಲೆಕ್ಕ ಇಷ್ಟು: ಅಂಟು ಅಕ್ಕಿ ಹಿಟ್ಟು 100 ಗ್ರಾಂ, ಸಕ್ಕರೆ 50 ಗ್ರಾಂ, ನೀರು 150 ಮಿಲಿ ಲೀಟರ್. ಗಂಟಿಲ್ಲದಂತೆ ಕಲಸಿ, ಬಟ್ಟಲಿಗೆ ಮುಚ್ಚಳ ಹಾಕಿ, ಇಡ್ಲಿ ಪಾತ್ರೆಯಲ್ಲಿ ಸುಮಾರು 20 ನಿಮಿಷ ಹಬೆಯಲ್ಲಿ ಬೇಯಿಸಬೇಕು. ನಡುವೆ ಒಮ್ಮೆ ಕೈಯಾಡಿಸಬೇಕು. ಹಾಲಿನಂತೆ ಬಿಳಿಯಾಗಿದ್ದದ್ದು ಹೊಳಪು ಬಂದು ಅರೆಪಾರದರ್ಶಕವಾದರೆ ಬೆಂದಿದೆ ಎಂದರ್ಥ. ಬಾಣಲೆಯಲ್ಲಿ ಸ್ವಲ್ಪ ಬೆಚ್ಚಗೆ ಹುರಿದ ಕಾರ್ನ್‌ಫ್ಲೋರ್ ಉದುರಿಸಿದ ತಟ್ಟೆಗೆ ಅದನ್ನು ಸುರಿದು, ಎಂಟು ಭಾಗ ಮಾಡಿ, ಪ್ರತಿಯೊಂದನ್ನೂ ಪುಟ್ಟ ಪೂರಿಯಂತೆ ತಟ್ಟಿ ಹೂರಣ ಇಟ್ಟು ಅಂಚು ಕೂಡಿಸಿದರಾಯಿತು. ಹೋಳಿಗೆ ಕಣಕಕ್ಕೆ ಹೂರಣ ತುಂಬುವುದನ್ನು ನೋಡಿದವರಿಗೆ ಇದನ್ನು ಬೇರೆ ಹೇಳಿಕೊಡಬೇಕಿಲ್ಲ.

ಈ ಹೊದಿಕೆಗೆ ಸ್ವಂತ ರುಚಿ ಕಡಿಮೆ. ತೆಳ್ಳಗೆ, ಮೆತ್ತಗೆ ಇರುತ್ತದೆ, ಕೈಗೂ ಅಂಟುತ್ತದೆ. ಹಾಗಾಗಿ ಒಳಗಿನದು ಮೂರು ಪರೀಕ್ಷೆ ಪಾಸಾಗಬೇಕು. ಅಂಗೈಯಲ್ಲಿ ಉಂಡೆ ಕಟ್ಟಲು ಬರಬೇಕು. ಅರ್ಧ ಗಂಟೆ ಬಿಟ್ಟರೂ ನೀರು ಬಿಡಬಾರದು. ಹೊದಿಕೆಯ ಸಪ್ಪೆತನವನ್ನು ತೂಗುವಷ್ಟು ರುಚಿ ಇರಬೇಕು. ಜಾಮ್ ಮೊದಲನೆಯದರಲ್ಲೇ ಫೇಲ್. ಬರೀ ಮಾವಿನ ರಸ ಎರಡನೆಯದರಲ್ಲಿ. ಎರಡೂ ಹೊದಿಕೆಯ ಅಂಚನ್ನು ಒದ್ದೆ ಮಾಡುತ್ತವೆ, ಒದ್ದೆಯಾದ ಅಂಚು ಕೂಡಿಕೊಳ್ಳುವುದಿಲ್ಲ.

ಸೌಟು ನೆಟ್ಟಗೆ ನಿಲ್ಲಬೇಕು

ಜಪಾನಿನ ಮೂಲ ಹೂರಣ ಅಜುಕಿ ಎಂಬ ಸಣ್ಣ ಕೆಂಪು ಕಾಳಿನದು. ಕಾಳು ಕಾಳಾಗಿ ಉಳಿಸಿದರೆ ಅದು ‘ತ್ಸುಬುಅನ್’, ಸಿಪ್ಪೆ ತೆಗೆದು ನುಣ್ಣಗೆ ಮಾಡಿದರೆ ‘ಕೊಶಿಅನ್’. ನಮ್ಮೂರ ಅಂಗಡಿಯಲ್ಲಿ ಅಜುಕಿ ಸಿಗುವುದಿಲ್ಲ. ಆದರೆ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಹೆಸರು, ಉದ್ದು, ಅಲಸಂದೆ ಮೂರೂ ಅಜುಕಿಯ ದಾಯಾದಿಗಳೇ. ನಾಲ್ಕೂ ವಿಗ್ನಾ ಎಂಬ ಒಂದೇ ಕುಲದವು. ಹಾಗಾಗಿ ನಾನು ಕೆಂಪು ಅಲಸಂದೆಯನ್ನು ರಾತ್ರಿ ನೆನೆಸಿ, ಕುಕ್ಕರಿನಲ್ಲಿ ಬೇಯಿಸಿ, ಕಟ್ಟು ಪೂರ್ತಿ ಬಸಿದು, ಅರೆದು, ಬೆಲ್ಲ ಹಾಕಿ ಒಲೆಗಿಟ್ಟೆ.

ಎಷ್ಟು ಗಟ್ಟಿಯಾಗಬೇಕು ಎಂಬ ಪ್ರಶ್ನೆಗೆ ಇಂಟರ್‌ನೆಟ್ಟಿನಲ್ಲಿ ಹತ್ತು ಉತ್ತರಗಳಿದ್ದವು. ಸರಿಯಾದ ಉತ್ತರ ಇದ್ದದ್ದು ಅಡುಗೆಮನೆಯ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ ನನ್ನ ಅಜ್ಜಿಯ ಹತ್ತಿರ. ‘ಬೆಲ್ಲ ಕರಗಿದ ಕೂಡ್ಲೇ ಎಲ್ಲಾ ನೀರಾಗ್ತದೆ, ಹೆದ್ರಬೇಡ ಮಾರಾಯ್ತಿ. ಕೈ ಬಿಡದೆ ಮಗುಚು. ಸೌಟು ನೆಟ್ರೆ ಬೀಳಬಾರ್ದು, ಆಗ ಇಳಿಸು’ ಎಂದರು. ಅಷ್ಟೇ. ಥರ್ಮಾಮೀಟರ್ ಬೇಡ, ಟೈಮರ್ ಬೇಡ. ಹೋಳಿಗೆಗೆ ಹೇಳುವ ಪಾಕವೇ ದೈಫುಕುವಿಗೂ ಸರಿಹೋಯಿತು. ಆರಿದ ಮೇಲೆ 25 ಗ್ರಾಮಿನ ಉಂಡೆ ಕಟ್ಟಿ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟರೆ ತುಂಬುವಾಗ ಆಕಾರ ಕೆಡುವುದಿಲ್ಲ. ಚಿಟಿಕೆ ಉಪ್ಪು ಮರೆಯಬೇಡಿ. ನಮ್ಮಲ್ಲಿ ಪಾಯಸಕ್ಕೆ ಹಾಕುವಂತೆ, ಜಪಾನಿನಲ್ಲೂ ಅನ್‌ಗೆ ಉಪ್ಪು ಬೀಳುತ್ತದೆ.

ಹೀಗಿದ್ದ ಮೇಲೆ ನಮ್ಮ ಹಬ್ಬದ ಹೂರಣಗಳನ್ನೆಲ್ಲ ಮೋಚಿಗೆ ಹೊಂದಿಸಿ ನೋಡದೆ ಇರಲಾಗಲಿಲ್ಲ. ಅವುಗಳಲ್ಲಿ ಚೆನ್ನಾಗಿ ಒಗ್ಗಿದವು ಇವು:

ಕಡಲೆಬೇಳೆ ಹೂರಣ: ಒಂದು ಲೋಟ ಬೇಳೆಗೆ ಮುಕ್ಕಾಲು ಲೋಟ ಬೆಲ್ಲ ಸಾಕು, ಹೊದಿಕೆಯಲ್ಲೂ ಸಕ್ಕರೆ ಇರುತ್ತದೆ. ಏಲಕ್ಕಿ ಹಾಕಿದರೆ ಮೋಚಿ ಬಾಯಿಗಿಟ್ಟ ಕೂಡಲೇ ಯುಗಾದಿ ನೆನಪಾಗುತ್ತದೆ.

ಕಾಯಿ ಹೂರಣ: ಕಡುಬಿಗೆ ಮಾಡಿದಂತೆಯೇ ಕಾಯಿತುರಿ, ಬೆಲ್ಲ. ಬಾಣಲೆಯ ತಳ ಬಿಟ್ಟು ಬರಬೇಕು. ಕಾಯಿ ಬೇಗ ಹಳಸುತ್ತದೆ, ಅಂದೇ ತಿಂದು ಮುಗಿಸಿ.

ಎಳ್ಳು ಚಿಗಳಿ: ನಾಗರ ಪಂಚಮಿಗೆ ಮಾಡುವ ಎಳ್ಳು–ಬೆಲ್ಲದ ಉಂಡೆ. ಇದನ್ನು ಹೂರಣ ಎಂದು ಮಾಡುವುದೇ ಬೇಡ, ಉಂಡೆಯಾಗಿಯೇ ಹುಟ್ಟಿದ್ದು! ಒಲೆಯ ಕೆಲಸವಿಲ್ಲದ, ನೀರು ಬಿಡದ ಹೂರಣ ಬೇಕೆಂದರೆ ಇದಕ್ಕೆ ಸಾಟಿ ಇಲ್ಲ. ಎಳ್ಳು–ಬೆಲ್ಲವನ್ನು ಅಂಟು ಅಕ್ಕಿಯ ಹಿಟ್ಟಿನೊಳಗೆ ಇಡುವುದು ಭಾರತಕ್ಕೆ ಹೊಸದೂ ಅಲ್ಲ. ಅಸ್ಸಾಮಿನಲ್ಲಿ ಮಾಘ ಬಿಹುಗೆ ಬೋರಾ ಎಂಬ ಅಂಟು ಅಕ್ಕಿಯ ಹಿಟ್ಟಿನಿಂದ ತಿಲ್ ಪಿಠಾ ಮಾಡುತ್ತಾರೆ. ನಿಮ್ಮ ಹಾಸ್ಟೆಲಿನಲ್ಲಿ ಅಸ್ಸಾಮಿನ ಸ್ನೇಹಿತರಿದ್ದರೆ ಕೇಳಿ ನೋಡಿ, ಆನ್‌ಲೈನ್ ಆರ್ಡರ್ ಮಾಡದೆಯೇ ಒಂದು ಕಿಲೋ ಅಂಟು ಅಕ್ಕಿ ಊರಿಂದ ಬಂದೀತು.

ಶೇಂಗಾ ಹೂರಣ: ಹುರಿದು ಸಿಪ್ಪೆ ತೆಗೆದ ಶೇಂಗಾ, ಬೆಲ್ಲ, ಒಂದು ಚಮಚ ತುಪ್ಪ. ಉತ್ತರ ಕರ್ನಾಟಕದ ಶೇಂಗಾ ಹೋಳಿಗೆ ತಿಂದವರಿಗೆ ರುಚಿ ವಿವರಿಸಬೇಕಿಲ್ಲ.

ಧಾರವಾಡ ಪೇಡಾ: ಒಲೆ ಹಚ್ಚಲೂ ಬೇಸರವೇ? ಪೇಡಾ ಪುಡಿ ಮಾಡಿ ಮತ್ತೆ ಉಂಡೆ ಕಟ್ಟಿ ಒಳಗಿಡಿ. ಸಕ್ಕರೆ ಹೆಚ್ಚಿರುವುದರಿಂದ ಉಂಡೆ ಚಿಕ್ಕದಿರಲಿ.

ಹಣ್ಣು, ಚಾಕೊಲೇಟ್, ಐಸ್‌ಕ್ರೀಮ್

ಇಡೀ ಸ್ಟ್ರಾಬೆರಿ ಇಟ್ಟ ‘ಇಚಿಗೊ ದೈಫುಕು’ ಜಪಾನಿನಲ್ಲಿ ಜನಪ್ರಿಯವಾದದ್ದು 1980ರ ದಶಕದಲ್ಲಿ. ಹಣ್ಣನ್ನು ನೇರವಾಗಿ ಹೊದಿಕೆಯೊಳಗೆ ಇಡದೆ ಮೊದಲು ಅನ್‌ನಿಂದ ತೆಳ್ಳಗೆ ಮೆತ್ತುವುದು ಸಾಮಾನ್ಯ ಕ್ರಮ. ಸಕ್ಕರೆ ಹಣ್ಣಿನ ನೀರನ್ನು ಹೊರಗೆಳೆಯುತ್ತದೆ, ಆಸ್ಮಾಸಿಸ್ ಪಾಠ ನೆನಪಿರಬಹುದು. ಅನ್‌ನ ಪದರ ಆ ನೀರನ್ನು ಒಂದಷ್ಟು ಹೀರಿ, ಹೊದಿಕೆಯವರೆಗೆ ಹೋಗದಂತೆ ತಡೆಯುತ್ತದೆ. ಇದೇ ಉಪಾಯವನ್ನು ನಮ್ಮ ಹಣ್ಣುಗಳಿಗೂ ಬಳಸಬಹುದು. ರಸಪುರಿ ಮಾವು ಬೇಡ, ಗಟ್ಟಿ ತಿರುಳಿನ ಬಾದಾಮಿ ಇರಲಿ. ಹಲಸಾದರೆ ಬಕ್ಕೆ ಹಲಸಿನ ತೊಳೆ. ಕತ್ತರಿಸಿದ ಹೋಳುಗಳನ್ನು ಬಟ್ಟೆಯಿಂದ ಒತ್ತಿ ಒರೆಸಿ, ತೆಳುವಾಗಿ ಕಾಯಿ ಹೂರಣ ಮೆತ್ತಿ, ಆಮೇಲೆ ತುಂಬಿ. ಹಣ್ಣಿನ ಮೋಚಿಯನ್ನು ಅದೇ ದಿನ ತಿನ್ನಬೇಕು, ಮರುದಿನಕ್ಕೆ ಉಳಿಸುವ ಮಾತೇ ಇಲ್ಲ.

ಚಾಕೊಲೇಟ್ ಬೇಕೆನ್ನುವವರು ಡಾರ್ಕ್ ಚಾಕೊಲೇಟ್ 100 ಗ್ರಾಂಗೆ 50 ಗ್ರಾಂ ಬಿಸಿ ಕ್ರೀಮ್ ಬೆರೆಸಿ ಆರಿಸಿ, ಫ್ರಿಜ್ಜಿನಲ್ಲಿಟ್ಟು ಗಟ್ಟಿಯಾದ ಮೇಲೆ ಉಂಡೆ ಮಾಡಿ. ಬಾಟಲಿಯ ಚಾಕೊಲೇಟ್ ಸ್ಪ್ರೆಡ್ ಆದರೆ ಚಮಚ ಚಮಚವಾಗಿ ಬಟರ್ ಪೇಪರಿನ ಮೇಲಿಟ್ಟು ಫ್ರೀಜರಿನಲ್ಲಿ ಗಟ್ಟಿ ಮಾಡಿಕೊಂಡೇ ತುಂಬಬೇಕು.

ಐಸ್‌ಕ್ರೀಮ್ ಮೋಚಿಯ ಹಿಂದೆ ಎರಡು ದೇಶಗಳ ಕತೆ ಇದೆ. ಜಪಾನಿನಲ್ಲಿ ಲೊಟ್ಟೆ ಕಂಪನಿ 1981ರಲ್ಲಿ ‘ಯುಕಿಮಿ ದೈಫುಕು’ವನ್ನು ಮಾರುಕಟ್ಟೆಗೆ ತಂದಿತು. ಅಮೆರಿಕದಲ್ಲಿ ಅದು ಜನಪ್ರಿಯವಾದದ್ದು 1990ರ ದಶಕದಲ್ಲಿ. ಅದಕ್ಕೆ ಕಾರಣ ಲಾಸ್ ಏಂಜಲೀಸ್‌ನ ಮಿಕವಾಯಾ ಎಂಬ ಸಿಹಿತಿಂಡಿ ಸಂಸ್ಥೆಯ ಫ್ರಾನ್ಸೆಸ್ ಹಶಿಮೊಟೊ. ಮನೆಯಲ್ಲಿ ಮಾಡುವವರಿಗೆ ನಿಯಮ ಎರಡೇ: ಐಸ್‌ಕ್ರೀಮ್ ಉಂಡೆಗಳು ಕಲ್ಲಿನಂತಿರಬೇಕು, ಹೊದಿಕೆ ಪೂರ್ತಿ ತಣ್ಣಗಾಗಿರಬೇಕು. ಒಂದೊಂದೇ ಉಂಡೆ ಹೊರತೆಗೆದು ಸುತ್ತಿ, ತಕ್ಷಣ ಫ್ರೀಜರಿಗೆ ಹಿಂತಿರುಗಿಸಬೇಕು.

ಉಳಿದ ಮೋಚಿಯನ್ನು ಫ್ರಿಜ್ಜಿನಲ್ಲಿ ದಿನಗಟ್ಟಲೆ ಇಡಬೇಡಿ. ನಿನ್ನೆಯ ಅನ್ನ ಫ್ರಿಜ್ಜಿನಲ್ಲಿ ಬಿರುಸಾಗುವ ಹಾಗೆ ಮೋಚಿಯ ಹೊದಿಕೆಯೂ ಗಟ್ಟಿಯಾಗುತ್ತದೆ. ಹೊದಿಕೆಗೆ ಹಾಕಿದ ಸಕ್ಕರೆ ಅದನ್ನು ನಿಧಾನಗೊಳಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಬೇಳೆ, ಎಳ್ಳು, ಶೇಂಗಾದವನ್ನು ಒಂದೊಂದಾಗಿ ಸುತ್ತಿ ಫ್ರೀಜರಿನಲ್ಲಿಟ್ಟು, ಬೇಕಾದಾಗ ಹೊರಗಿಟ್ಟು ಮೆತ್ತಗಾದ ಮೇಲೆ ತಿನ್ನಬಹುದು.

ಎಲ್ಲರಿಗೂ ಒಂದೇ ಉಂಡೆ ಸಲ್ಲ

ಇಷ್ಟು ಬರೆದು ಒಂದು ಮಾತು ಬಿಟ್ಟರೆ ತಪ್ಪಾಗುತ್ತದೆ. ರೀಲ್ಸ್‌ನಲ್ಲಿ ಅದನ್ನು ಹೇಳಿದವರನ್ನು ನಾನು ಕಂಡಿಲ್ಲ. ಜಪಾನಿನಲ್ಲಿ ಹೊಸ ವರ್ಷಕ್ಕೆ ‘ಓಜೋನಿ’ ಎಂಬ ಸಾರಿನಲ್ಲಿ ಮೋಚಿ ಹಾಕಿ ತಿನ್ನುವ ಸಂಪ್ರದಾಯ. ಆ ದಿನಗಳಲ್ಲಿ ಮೋಚಿ ಗಂಟಲಿಗೆ ಸಿಕ್ಕಿ ಉಸಿರುಗಟ್ಟಿ ಸಾಯುವವರಿದ್ದಾರೆ, ಹೆಚ್ಚಿನವರು ವೃದ್ಧರು. ಅದಕ್ಕೇ ಟೋಕಿಯೊ ಅಗ್ನಿಶಾಮಕ ಇಲಾಖೆ ಸಣ್ಣ ಚೂರು ಮಾಡಿ, ನಿಧಾನವಾಗಿ ಚೆನ್ನಾಗಿ ಅಗಿದು ತಿನ್ನಿ ಎಂದು ಜನರನ್ನು ಎಚ್ಚರಿಸುತ್ತದೆ. ಹಿಗ್ಗುವ, ಅಂಟುವ ಗುಣವೇ ಮೋಚಿಯ ಸೊಗಸು, ಅಪಾಯವೂ ಅದರಲ್ಲೇ ಇದೆ.

ನಮ್ಮ ಅಜ್ಜಿಗೆ 80 ದಾಟಿದೆ, ಕಟ್ಟಿಸಿದ ಹಲ್ಲು, ನೀರು ಕುಡಿಯುವಾಗಲೂ ಆಗಾಗ ನೆತ್ತಿಗೆ ಹತ್ತುತ್ತದೆ. ಪಾಕ ಹೇಳಿಕೊಟ್ಟವರೇ ಅವರು. ಅವರ ಮುಂದೆ ಮನೆಯವರೆಲ್ಲ ಮೋಚಿ ತಿನ್ನುವಾಗ ‘ನಿಮಗಿಲ್ಲ ಅಜ್ಜಿ’ ಎನ್ನುವುದು ಹೇಗೆ? ಚೂರು ಮಾಡಿ ಕೊಡೋಣ ಎಂದರು ಅಪ್ಪ. ನಾನು ಒಪ್ಪಲಿಲ್ಲ. ಅಲಸಂದೆ ಹೂರಣವನ್ನು ಬಾಯಲ್ಲಿ ಕರಗುವಷ್ಟು ಮೆದುವಾಗಿಸಿ, ಪುಟ್ಟ ಬಟ್ಟಲಿಗೆ ಹಾಕಿ, ಮೇಲೊಂದು ಚಮಚ ತುಪ್ಪ ಬಿಟ್ಟು ಚಮಚದ ಜೊತೆ ಕೊಟ್ಟೆ. ಅಜ್ಜಿಗೆ ಸಿಟ್ಟು ಬಂತು. ‘ನಂಗೆ ಮಾತ್ರ ಅಂಗಿ ಇಲ್ಲದ್ದು ಎಂತಕ್ಕೆ?’ ಎಂದು ಕೇಳಿದರು. ಟೋಕಿಯೊದ ವಿಷಯವನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬಟ್ಟಲು ಖಾಲಿ ಮಾಡಿ, ‘ರುಚಿ ಇರೋದು ಒಳಗೇ ಅಲ್ವ, ಬಿಡು’ ಎಂದರು. ಸಮಾಧಾನಕ್ಕೆ ಹೇಳಿದರೋ, ನಿಜವಾಗಿ ಹಾಗನ್ನಿಸಿತೋ ಕೇಳುವ ಧೈರ್ಯ ನನಗಾಗಲಿಲ್ಲ.

ಆ ದಿನದಿಂದ ನಮ್ಮ ಮನೆಯಲ್ಲಿ ಮೋಚಿಯ ಲೆಕ್ಕ ಹೂರಣದಿಂದ ಶುರುವಾಗುತ್ತದೆ. ಎಂಟು ಉಂಡೆಗೆ ಬೇಕಾದ್ದಕ್ಕಿಂತ ಒಂದು ಬಟ್ಟಲು ಹೆಚ್ಚು ಮಾಡುತ್ತೇವೆ. ನುಂಗಲು ತೊಂದರೆ ಇರುವ ಹಿರಿಯರಿಗೆ, ಅಗಿಯಲು ಬಾರದ ಪುಟ್ಟ ಮಕ್ಕಳಿಗೆ ಹೊದಿಕೆ ಕೊಡುವುದಿಲ್ಲ. ಮಕ್ಕಳಿಗೆ ಕೊಡುವ ಬಟ್ಟಲಿನಲ್ಲಿ ಇಡೀ ಕಾಳು, ಶೇಂಗಾ ಚೂರು ಇರದ ಹಾಗೆ ನುಣ್ಣಗೆ ಅರೆದಿರುತ್ತೇವೆ. ಉಳಿದವರಿಗೂ ಒಂದೇ ಸಲಕ್ಕೆ ಬಾಯಿಗೆ ತುರುಕುವ ರೀಲ್ಸ್ ಸಾಹಸ ಬೇಡ. ಕಚ್ಚಿ ಕಚ್ಚಿ ತಿನ್ನಿ, ತಿನ್ನುವಾಗ ನಗಾಟ ಮಾತುಕತೆ ಸ್ವಲ್ಪ ಕಡಿಮೆ ಇರಲಿ.

ಸೆಮಿಸ್ಟರ್ ರಜೆ ಬರುತ್ತಿದೆ. ಪ್ಲೇಸ್‌ಮೆಂಟ್ ತಯಾರಿ, ಬ್ಯಾಕ್‌ಲಾಗ್, ಇಂಟರ್ನ್‌ಶಿಪ್ ಅರ್ಜಿಗಳ ನಡುವೆ ಒಂದು ಮಧ್ಯಾಹ್ನ ಬಿಡುವು ಸಿಕ್ಕರೆ ಮೋಚಿ ಮಾಡಿ ನೋಡಿ. ಹಿಟ್ಟಿನ ಪ್ಯಾಕೆಟ್ ಆರ್ಡರ್ ಮಾಡುವ ಮೊದಲು ಮನೆಯ ಹಿರಿಯರ ಹತ್ತಿರ ಹೋಗಿ, ‘ನಿಮ್ಮ ಕಾಲದಲ್ಲಿ ಯಾವ್ಯಾವ ಹೂರಣ ಮಾಡುತ್ತಿದ್ದಿರಿ?’ ಎಂದು ಕೇಳಿ. ಪಟ್ಟಿ ನೀವೆಣಿಸಿದ್ದಕ್ಕಿಂತ ಉದ್ದ ಇರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ.