ಮಂಗಳನ ಕಲ್ಲಿಗೆ ಮಾಲೀಕ ಯಾರು?

2025ರ ಜುಲೈ 16ರಂದು ನ್ಯೂಯಾರ್ಕ್‌ನಲ್ಲಿ ಸೋಥಬೀಸ್ ಅನ್ನೋ ಹರಾಜು ಕಂಪನಿ ಒಂದು ಕಲ್ಲನ್ನ ಮಾರಿತು. ತೂಕ 24.67 ಕೆಜಿ. ಅರ್ಧ ಮೂಟೆ ಸಿಮೆಂಟ್ ಅಂದ್ಕೊಳ್ಳಿ. ಕಮಿಷನ್ ಎಲ್ಲ ಸೇರಿ ಬೆಲೆ ಸುಮಾರು 53 ಲಕ್ಷ ಡಾಲರ್, ಅಂದ್ರೆ ಹತ್ತಿರ ಹತ್ತಿರ 45 ಕೋಟಿ ರೂಪಾಯಿ. ಕಲ್ಲಿಗೆ ಇಷ್ಟೊಂದು ದುಡ್ಡಾ ಅಂತ ನಮ್ಮಂಥ ಚಾನೆಲ್‌ಗಳು ಬಾಯಿ ಬಿಟ್ಟುಕೊಂಡು ತೋರಿಸಿದ್ವು. ಅಲ್ಲಿಗೆ ನಮ್ಮ ಕೆಲಸ ಮುಗೀತು. ನಿಜವಾದ ಸುದ್ದಿ ಶುರುವಾಗಿದ್ದು ಆಮೇಲೆ.

ಆ ಕಲ್ಲು ಮಂಗಳ ಗ್ರಹದ್ದು. ಭೂಮಿ ಮೇಲೆ ಸಿಕ್ಕಿರೋ ಮಂಗಳನ ತುಂಡುಗಳಲ್ಲೇ ಅತಿ ದೊಡ್ಡದು. ಯಾವುದೋ ಕಾಲದಲ್ಲಿ ಮಂಗಳಕ್ಕೆ ಬಾಹ್ಯಾಕಾಶದ ಬಂಡೆಯೊಂದು ಅಪ್ಪಳಿಸಿ, ಅಲ್ಲಿಂದ ಸಿಡಿದ ಚೂರು ಅಲೆದಾಡಿ ನಮ್ಮ ಮೇಲೆ ಬಿದ್ದಿದೆ. ಅದು ಮಂಗಳನದ್ದೇ ಅಂತ ಹೇಳಿದ್ಯಾರು? ಮಾರೋನು ಹೇಳಿದ್ರೆ ಯಾರೂ ನಂಬಲ್ಲ. ಹೇಳಬೇಕಾದವರು ವಿಜ್ಞಾನಿಗಳು.

ಇಲ್ಲೇ ಇರೋದು ಸ್ವಾರಸ್ಯ. ಜಗತ್ತಿನ ಉಲ್ಕಾಶಿಲೆಗಳಿಗೆ ಹೆಸರಿಡೋದು ಮೆಟಿಯೊರಿಟಿಕಲ್ ಸೊಸೈಟಿ ಅನ್ನೋ ವಿಜ್ಞಾನಿಗಳ ಸಂಘ. ಅದರ ಪಟ್ಟಿಯಲ್ಲಿ ಹೆಸರು ಬಂದರೆ ಕಲ್ಲಿಗೆ ಬೆಲೆ, ಇಲ್ಲದಿದ್ರೆ ಅದು ಬರೀ ಕಲ್ಲು. ಹೆಸರು ಬೇಕಾದ್ರೆ ಒಂದು ತುಂಡನ್ನ ಮಾನ್ಯತೆ ಇರೋ ಸಂಸ್ಥೆಗೆ ಕೊಡಬೇಕು. ಎಷ್ಟು? ಕನಿಷ್ಠ 20 ಗ್ರಾಂ ಅಥವಾ ಒಟ್ಟು ತೂಕದ ಶೇ. 20, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಲೆಕ್ಕ ಹಾಕಿ ನೋಡಿ. 24 ಸಾವಿರದ 670 ಗ್ರಾಂ ಕಲ್ಲಿಗೆ ನಿಯಮ ಕೇಳೋದು 20 ಗ್ರಾಂ! ಈ ಕಲ್ಲಿನ ಮಾದರಿ ಚೀನಾದ ಪರ್ಪಲ್ ಮೌಂಟನ್ ವೀಕ್ಷಣಾಲಯದಲ್ಲಿದೆ. ಮಿಕ್ಕಿದ್ದು ವ್ಯಾಪಾರಕ್ಕೆ.

ಹಾಗಂತ ವ್ಯಾಪಾರಿಗಳನ್ನ ಕಳ್ಳರು ಅಂದುಬಿಡೋಕೆ ಆಗಲ್ಲ. ಸಹಾರಾ ಮರುಭೂಮಿಯಲ್ಲಿ ವರ್ಷಗಟ್ಟಲೆ ಕಲ್ಲು ಹುಡುಕಿಕೊಂಡು ಅಲೆಯೋ ಪುರುಸೊತ್ತು ಯಾವ ಪ್ರೊಫೆಸರ್‌ಗೆ ಇದೆ ಹೇಳಿ? ಹುಡುಕೋರು ಅಲ್ಲಿನ ಅಲೆಮಾರಿಗಳು, ಕೊಳ್ಳೋರು ವ್ಯಾಪಾರಿಗಳು. 'ಬ್ಲ್ಯಾಕ್ ಬ್ಯೂಟಿ' ಅನ್ನೋ 320 ಗ್ರಾಂ ಕಲ್ಲು ಬಂದಿದ್ದು ಹಾಗೇ. ಅಮೆರಿಕದ ಸಂಗ್ರಾಹಕರೊಬ್ಬರು 2011ರಲ್ಲಿ ಮೊರಾಕ್ಕೊದ ವ್ಯಾಪಾರಿಯಿಂದ ಅದನ್ನ ಕೊಂಡು ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯಕ್ಕೆ ಕೊಟ್ರು. ಪರೀಕ್ಷಿಸಿದ್ರೆ, ಮಂಗಳನ ಬೇರೆ ಕಲ್ಲುಗಳಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚು ನೀರಿನಂಶ! ಆ ಸಂಗ್ರಾಹಕ ಅದನ್ನ ಮನೆಯ ಷೋಕೇಸ್‌ನಲ್ಲಿ ಇಟ್ಟುಕೊಂಡಿದ್ರೆ?

ಈಗ ಹರಾಜಾದ ಕಲ್ಲಿಗೆ ವಾಪಸ್ ಬರೋಣ. ಅದು ಸಿಕ್ಕಿದ್ದು 2023ರ ನವೆಂಬರ್‌ನಲ್ಲಿ, ನೈಜರ್ ದೇಶದ ಅಗಾಡೆಜ್ ಪ್ರದೇಶದಲ್ಲಿ. ಜಗತ್ತಿನ ಅತಿ ಬಡ ದೇಶಗಳಲ್ಲಿ ಅದೂ ಒಂದು. ಅಲ್ಲಿಂದ ಕಲ್ಲು ಇಟಲಿ ಸೇರಿ, ರೋಮ್‌ನಲ್ಲಿ ಪ್ರದರ್ಶನವಾಗಿ, ಅಮೆರಿಕ ತಲುಪಿತು. ಹರಾಜಿನ ಸುದ್ದಿ ಕಿವಿಗೆ ಬಿದ್ದ ಮೇಲೆ ನೈಜರ್ ಸರ್ಕಾರ ಎದ್ದು ಕೂತು, ಇದು ಅಕ್ರಮ ಸಾಗಾಟ ಇರಬಹುದು ಅಂತ ತನಿಖೆಗೆ ಆದೇಶಿಸಿತು. ರತ್ನ, ಅರೆರತ್ನ, ಉಲ್ಕಾಶಿಲೆಗಳ ರಫ್ತನ್ನೇ ನಿಲ್ಲಿಸಿತು. ಅಲ್ಲಿ ಹಲವು ವರ್ಷ ಡೈನೋಸಾರ್ ಪಳೆಯುಳಿಕೆ ಅಗೆದ ಶಿಕಾಗೋದ ವಿಜ್ಞಾನಿ ಪಾಲ್ ಸೆರೆನೊ, ಕಲ್ಲು ನೈಜರ್‌ಗೆ ವಾಪಸ್ ಹೋಗಬೇಕು ಅಂದ್ರು. ಸೋಥಬೀಸ್ ಉತ್ತರ: ಎಲ್ಲ ಕಾಗದಪತ್ರ ಸರಿ ಇದೆ, ನಿಯಮದಂತೆಯೇ ನಡೆದಿದ್ದೇವೆ.

ನನಗೆ ಕೋಪ ಬರೋದು ಇಲ್ಲಿ. ಕಲ್ಲು ನೈಜರ್‌ನದ್ದು, ಕೋಟಿ ಎಣಿಸಿಕೊಂಡವರು ಬೇರೆಯವರು. ಡೆನ್ಮಾರ್ಕ್‌ನಲ್ಲಿ ಉಲ್ಕಾಶಿಲೆ ಸಿಕ್ಕಿದ್ರೆ ಸರ್ಕಾರಕ್ಕೆ ಕೊಡಬೇಕು, ಕೊಟ್ಟೋರಿಗೆ ಸರ್ಕಾರ ದುಡ್ಡು ಕೊಡುತ್ತೆ. ಹುಡುಕಿದವನ ಹೊಟ್ಟೆಯೂ ತುಂಬುತ್ತೆ, ಕಲ್ಲೂ ದೇಶದಲ್ಲೇ ಇರುತ್ತೆ. ಆದ್ರೆ 45 ಕೋಟಿ ಕೂಗೋ ಮಾರುಕಟ್ಟೆಯಲ್ಲಿ ಬಡ ದೇಶದ ಮ್ಯೂಸಿಯಂ ಬಿಡಿ, ಸಾಹುಕಾರ ದೇಶದ ವಿಶ್ವವಿದ್ಯಾಲಯವೂ ಕೈ ಎತ್ತೋದು ಕಷ್ಟ.

20 ಗ್ರಾಂ ವಿಜ್ಞಾನಕ್ಕೆ ಸಾಕಲ್ವಾ ಅಂತ ನೀವು ಕೇಳಬಹುದು. ಇವತ್ತಿನ ಪರೀಕ್ಷೆಗೆ ಸಾಕಾಗಬಹುದು. ನಾಳೆಗೆ? ನಮ್ಮ ದೇಶದ್ದೇ ಕಥೆ ಕೇಳಿ. 1865ರ ಆಗಸ್ಟ್ 25ರಂದು ಬಿಹಾರದ ಶೆರ್ಗಾಟಿ ಅನ್ನೋ ಊರಲ್ಲಿ ಸುಮಾರು 5 ಕೆಜಿಯ ಕಲ್ಲೊಂದು ಆಕಾಶದಿಂದ ಬಿತ್ತು. ಅದು ಎಲ್ಲಿಂದ ಬಂತು ಅಂತ ಆಗ ಯಾರಿಗೂ ತಿಳೀಲಿಲ್ಲ. 1976ರಲ್ಲಿ ವೈಕಿಂಗ್ ನೌಕೆ ಮಂಗಳನ ಗಾಳಿಯನ್ನ ಅಳೆಯಿತು. 1980ರ ದಶಕದಲ್ಲಿ, ಅಂಟಾರ್ಕ್ಟಿಕಾದಲ್ಲಿ ಸಿಕ್ಕ ಇದೇ ಜಾತಿಯ ಕಲ್ಲಿನೊಳಗೆ ಸಿಕ್ಕಿಬಿದ್ದಿದ್ದ ಅನಿಲ ಆ ಗಾಳಿಗೆ ತಾಳೆ ಆಯ್ತು. ಬಿಹಾರದ ಕಲ್ಲಿನ ತವರು ಯಾವುದು ಅಂತ ಗೊತ್ತಾಗೋಕೆ ನೂರು ವರ್ಷದ ಮೇಲಾಯ್ತು! ಅದರ ದೊಡ್ಡ ಭಾಗ ಕೋಲ್ಕತ್ತಾದಲ್ಲಿ ಸರ್ಕಾರಿ ಸಂಗ್ರಹದಲ್ಲಿ ಉಳಿದಿತ್ತು, ಆದ್ದರಿಂದ ಹೊಸ ಉಪಕರಣ ಬಂದಾಗೆಲ್ಲ ಸಂಶೋಧಕರು ಅದರ ಕಡೆ ಮತ್ತೆ ತಿರುಗೋಕೆ ಆಯ್ತು. ಇವತ್ತು ಈ ಜಾತಿಯ ಮಂಗಳಶಿಲೆಗಳಿಗೆ ಜಗತ್ತೆಲ್ಲ ಕರೆಯೋದು ಶೆರ್ಗಾಟೈಟ್ ಅಂತಲೇ.

ನ್ಯೂಯಾರ್ಕ್‌ನಲ್ಲಿ ಹರಾಜಾದದ್ದೂ ಶೆರ್ಗಾಟೈಟೇ. ಕೊಂಡವರು ಯಾರು ಅನ್ನೋದನ್ನ ಸೋಥಬೀಸ್ ಹೇಳಲಿಲ್ಲ.